ಬಯಲ ಬೆಳಕಿನ ಸಮತೂಕ: ಆನ್ಸೆಲ್ ಆಡಮ್ಸರ ಒಂದು ಚಿತ್ರವನ್ನು ಕುರಿತ ವಿಚಾರ

೧

ಕಾವ್ಯವನ್ನೂ ನಾಟಕವನ್ನೂ ಕುರಿತು ನಮ್ಮಲ್ಲಿ ನಡೆದಿರುವಷ್ಟು ವಿಚಾರ ಛಾಯಾಚಿತ್ರವನ್ನು ಕುರಿತು ನಡೆದಿಲ್ಲ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಯಂತ್ರವೊಂದು ತಾನೇ ತಾನಾಗಿ ಬರೆದುಕೊಳ್ಳುವ ಚಿತ್ರದಲ್ಲಿ ಕಲೆಗಾರನ ಪಾಲೇನು, ವಿಮರ್ಶಕನು ಅಲ್ಲಿ ಯಾವುದನ್ನು ತೂಗಿ ನೋಡಬೇಕು ಎಂಬ ಸಂಶಯ ಬಹುಕಾಲದಿಂದ ಉಳಿದುಬಂದಿದೆ. ಒಳಾಂಗಣದಲ್ಲಿ ದೀಪಗಳನ್ನಿಟ್ಟು ತೆಗೆಯುವ ಚಿತ್ರದಲ್ಲಾದರೋ ದೀಪವನ್ನು ಎಲ್ಲಿಡಬೇಕೆಂಬ ಆಯ್ಕೆ ಚಿತ್ರಗಾರನದು. ಬಯಲಿನಲ್ಲಿ ಆ ಸ್ವಾತಂತ್ರ್ಯವೂ ಇಲ್ಲ. ಸೂರ್ಯನನ್ನು ಸರಿಸುವವರಿಲ್ಲ, ಮೋಡವನ್ನು ಕರೆಯುವವರಿಲ್ಲ. ಹಾಗಿದ್ದ ಮೇಲೆ ಹೊರಾಂಗಣದ ಛಾಯಾಚಿತ್ರದಲ್ಲಿ ಬೆಳಕನ್ನು ಸಮತೂಕಗೊಳಿಸುವುದು ಎಂದರೆ ಏನರ್ಥ? ಅದನ್ನು ಕಲಿಯುವುದು ಸಾಧ್ಯವೆ? ಕಲಿತವನ ಚಿತ್ರಕ್ಕೂ ಕಲಿಯದವನ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ವಿಮರ್ಶಕನು ಎಲ್ಲಿ ಗುರುತಿಸಬೇಕು? ಈ ಮೂರು ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಒಂದು ಪ್ರಸಿದ್ಧ ಚಿತ್ರವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆ ಚಿತ್ರ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸರ (೧೯೦೨–೧೯೮೪) ‘ಮೂನ್‌ರೈಸ್, ಹರ್ನಾಂಡೆಜ್, ನ್ಯೂ ಮೆಕ್ಸಿಕೊ’. ‘ಹರ್ನಾಂಡೆಜ್ ಹಳ್ಳಿಯ ಚಂದ್ರೋದಯ’ ಎಂದು ಕನ್ನಡದಲ್ಲಿ ಕರೆಯಬಹುದು. ಇದನ್ನೇ ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಇದರ ಹುಟ್ಟಿನ ವಿವರಗಳನ್ನು ಕರ್ತೃವೇ ಬರೆದಿಟ್ಟಿದ್ದಾರೆ. ಬೆಳಕನ್ನು ಅಳೆದ ಲೆಕ್ಕವೂ ನಮ್ಮ ಮುಂದಿದೆ. ಎರಡನೆಯದು, ಇದೇ ಋಣಚಿತ್ರದಿಂದ ಅವರು ಹಲವು ದಶಕಗಳ ಕಾಲ ಪ್ರತಿಗಳನ್ನು ಮುದ್ರಿಸುತ್ತ ಹೋದರು. ಮೊದಲಿನ ಪ್ರತಿಗಳಿಗೂ ಕೊನೆಯವಕ್ಕೂ ಬೆಳಕಿನ ಹಂಚಿಕೆಯಲ್ಲಿ ಬಹಳ ಅಂತರವಿದೆ. ಒಂದೇ ಕವಿತೆಯ ಪಾಠಾಂತರಗಳನ್ನು ಹೋಲಿಸಿ ನೋಡುವಂತೆ ಇಲ್ಲಿಯೂ ಹೋಲಿಕೆ ಸಾಧ್ಯ. ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ದೊರೆಯುವುದು ಅಪರೂಪ.

೨

ಮೊದಲು ತೊಡಕಿನ ಸ್ವರೂಪವನ್ನು ತಿಳಿಯಬೇಕು. ಮನುಷ್ಯನ ಕಣ್ಣು ಒಂದು ದೃಶ್ಯವನ್ನು ಒಮ್ಮೆಗೇ ನೋಡುವುದಿಲ್ಲ. ಜಗಲಿಯ ನೆರಳಿನಲ್ಲಿ ಕುಳಿತವರ ಮುಖದಿಂದ ಅಂಗಳದ ಬಿಸಿಲಿಗೆ ದೃಷ್ಟಿ ಹಾಯುವಷ್ಟರಲ್ಲಿ ಪಾಪೆ ಕುಗ್ಗುತ್ತದೆ, ಅಕ್ಷಿಪಟ ಹೊಂದಿಕೊಳ್ಳುತ್ತದೆ, ಮನಸ್ಸು ಎರಡನ್ನೂ ಸೇರಿಸಿ ಒಂದೇ ನೋಟವಾಗಿ ನಮಗೆ ಒಪ್ಪಿಸುತ್ತದೆ. ಶುಭ್ರವಾದ ದಿನದಲ್ಲಿ ತೆರೆದ ನೆರಳಿಗೆ ಬೀಳುವ ಬೆಳಕು ಬಿಸಿಲಿನ ಬೆಳಕಿನ ಸುಮಾರು ಎಂಟರಲ್ಲಿ ಒಂದು ಪಾಲು ಮಾತ್ರ. ಈ ಅಂತರ ನಮ್ಮ ಅರಿವಿಗೆ ಬರುವುದೇ ಇಲ್ಲ. ಏಕೆಂದರೆ ಅದನ್ನು ಅಳಿಸಿಹಾಕುವುದೇ ಕಣ್ಣಿನ ಕೆಲಸ. ಕ್ಯಾಮೆರಾಕ್ಕೆ ಈ ಉಪಕಾರಬುದ್ಧಿ ಇಲ್ಲ. ಅದು ಇಡೀ ದೃಶ್ಯವನ್ನು ಒಂದೇ ಅಳತೆಯಿಂದ ಸ್ವೀಕರಿಸುತ್ತದೆ. ಕೊನೆಗೆ ಚಿತ್ರ ಮೂಡುವ ಕಾಗದದ ಶಕ್ತಿಯೂ ಅಲ್ಪ: ಹೊಳಪಿನ ಕಾಗದದಲ್ಲಿ ಸಹ ಅತ್ಯಂತ ಬಿಳುಪಾದ ಭಾಗ ಅತ್ಯಂತ ಕಪ್ಪಾದ ಭಾಗಕ್ಕಿಂತ ನೂರರಷ್ಟರ ಆಸುಪಾಸಿನಲ್ಲಿ ಬೆಳಗಬಲ್ಲದು. ಬಿಸಿಲಿಗೆ ಹೊಳೆಯುವ ಮೋಡದಿಂದ ಗುಡಿಯ ಒಳಗತ್ತಲೆಯವರೆಗೆ ನಿಸರ್ಗದಲ್ಲಿರುವ ಅಂತರ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ದೊಡ್ಡ ಕೊಪ್ಪರಿಗೆಯ ನೀರನ್ನು ಸಣ್ಣ ತಂಬಿಗೆಗೆ ತುಂಬುವ ಕೆಲಸ ಇದು. ಏನನ್ನಾದರೂ ಚೆಲ್ಲಲೇಬೇಕು. ಏನನ್ನು ಚೆಲ್ಲಬೇಕೆಂಬುದೇ ಪ್ರಶ್ನೆ.

ಹತ್ತೊಂಬತ್ತನೆಯ ಶತಮಾನದ ಛಾಯಾಗ್ರಾಹಕರನ್ನು ಈ ಪ್ರಶ್ನೆ ಆಕಾಶದ ರೂಪದಲ್ಲಿ ಕಾಡಿತು. ಆ ಕಾಲದ ಫಲಕಗಳು ನೀಲಿ ಮತ್ತು ನೇರಿಳೆಯ ಬೆಳಕಿಗೆ ಮಾತ್ರ ಸ್ಪಂದಿಸುತ್ತಿದ್ದುವು. ನೆಲದ ವಿವರ ಮೂಡುವಷ್ಟು ಹೊತ್ತು ಬೆಳಕಿಗೊಡ್ಡಿದರೆ ಆಕಾಶವೆಲ್ಲ ಸುಣ್ಣ ಬಳಿದಂತೆ ಬಿಳಿಚಿಹೋಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ (೧೮೨೦–೧೮೮೪) ೧೮೫೬–೫೭ರ ಸುಮಾರಿನಲ್ಲಿ ತೆಗೆದ ಕೆಲವು ಸಮುದ್ರದ ಚಿತ್ರಗಳಲ್ಲಿ ಇದಕ್ಕೊಂದು ಉಪಾಯ ಹೂಡಿದ. ಕಡಲಿಗೊಂದು, ಮುಗಿಲಿಗೊಂದು ಎಂದು ಎರಡು ಋಣಚಿತ್ರಗಳನ್ನು ಮಾಡಿ, ದಿಗಂತದ ರೇಖೆಯಲ್ಲಿ ಬೆಸೆದು ಒಂದೇ ಕಾಗದಕ್ಕೆ ಇಳಿಸಿದ. ನಮ್ಮ ನಾಡಿಗೂ ಈ ತೊಡಕಿನ ಇತಿಹಾಸದಲ್ಲಿ ಸ್ಥಾನವಿದೆ. ಮದರಾಸಿನ ಸೈನ್ಯದ ಅಧಿಕಾರಿಯಾಗಿದ್ದ ಲಿನ್ನಿಯಸ್ ಟ್ರೈಪ್ (೧೮೨೨–೧೯೦೨) ೧೮೫೪ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳಿಗೆ ಬಂದು ಹೊಯ್ಸಳರ ಗುಡಿಗಳ ಚಿತ್ರಗಳನ್ನು ತೆಗೆದ. ಮುಂದೆ ಬರ್ಮಾದಲ್ಲಿಯೂ ಮದರಾಸು ಪ್ರಾಂತದಲ್ಲಿಯೂ ಕೆಲಸಮಾಡಿದಾಗ ಕಾಗದದ ಋಣಚಿತ್ರಗಳ ಮೇಲೆ ಕುಂಚದಿಂದ ಬಣ್ಣವಿಟ್ಟು ಮೋಡಗಳನ್ನೂ ಎಲೆಗಳನ್ನೂ ತಿದ್ದಿದ. ಒಬ್ಬ ಬೆಸೆದ, ಒಬ್ಬ ಬಳಿದ. ಇಬ್ಬರೂ ಕಣ್ಣು ಕಂಡುದನ್ನು ಕಾಗದಕ್ಕೆ ತರಲು ಹೆಣಗಿದವರೇ.

ಇಂಥ ಉಪಾಯಗಳನ್ನು ಒಪ್ಪದವನು ಇಂಗ್ಲೆಂಡಿನ ಪೀಟರ್ ಹೆನ್ರಿ ಎಮರ್ಸನ್ (೧೮೫೬–೧೯೩೬). ೧೮೮೯ರಲ್ಲಿ ಪ್ರಕಟಿಸಿದ ‘ನ್ಯಾಚುರಲಿಸ್ಟಿಕ್ ಫೋಟೋಗ್ರಫಿ’ ಎಂಬ ಗ್ರಂಥದಲ್ಲಿ ನಿಸರ್ಗದ ಬೆಳಕಿನ ಛಾಯೆಗಳನ್ನು ಕಣ್ಣು ಕಂಡ ಪ್ರಮಾಣದಲ್ಲೇ ಮೂಡಿಸಬೇಕೆಂದೂ, ಬೆಸುಗೆಯ ಚಿತ್ರಗಳು ಕೃತಕವೆಂದೂ ವಾದಿಸಿದ. ಮರುವರ್ಷ, ೧೮೯೦ರಲ್ಲಿ, ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಇಬ್ಬರು ಸಂಶೋಧಕರು ಬೆಳಕಿಗೊಡ್ಡಿದ ಪ್ರಮಾಣಕ್ಕೂ ಫಲಕದ ಮೇಲೆ ಮೂಡುವ ಕಪ್ಪಿನ ಸಾಂದ್ರತೆಗೂ ಇರುವ ಸಂಬಂಧವನ್ನು ಅಳೆದು ತೋರಿಸಿದರು. ಛಾಯೆಗಳ ಪರಸ್ಪರ ಸಂಬಂಧ ರಸಾಯನದ ನಿಯಮಕ್ಕೆ ಕಟ್ಟುಬಿದ್ದಿದೆ, ಛಾಯಾಗ್ರಾಹಕನ ಇಚ್ಛೆ ಅಲ್ಲಿ ನಡೆಯದು ಎಂದು ಎಮರ್ಸನ್ ಅದನ್ನು ಅರ್ಥಮಾಡಿಕೊಂಡ. ನಡೆಯದಿದ್ದ ಮೇಲೆ ಛಾಯಾಗ್ರಹಣ ಕಲೆಯಾಗಲಾರದು! ಅವನು ತನ್ನ ಗ್ರಂಥದ ಸಿದ್ಧಾಂತವನ್ನೇ ಕೈಬಿಟ್ಟು, ಅದರ ಮರಣವನ್ನು ಸಾರುವ ಒಂದು ಕಿರುಹೊತ್ತಗೆಯನ್ನು ಹೊರತಂದ. ತನ್ನ ಮತವನ್ನು ಇಷ್ಟು ಪ್ರಾಮಾಣಿಕವಾಗಿ ಹಿಂತೆಗೆದುಕೊಂಡ ವಿಮರ್ಶಕರು ಯಾವ ಕಲೆಯಲ್ಲಿಯೂ ವಿರಳ. ಆದರೆ ಅವನು ಅವಸರಪಟ್ಟನೆಂದು ನಮ್ಮ ಅಭಿಪ್ರಾಯ. ನಿಯಮವನ್ನು ಅರಿತುದರಿಂದ ಸ್ವಾತಂತ್ರ್ಯ ನಾಶವಾಗುತ್ತದೆಯೆ? ಛಂದಸ್ಸಿನ ನಿಯಮ ತಿಳಿದ ಮಾತ್ರಕ್ಕೆ ಕವಿಯ ಕೈಕಟ್ಟಿಹೋಗುವುದಿಲ್ಲ. ಎಮರ್ಸನ್ ಮರಣಶಾಸನವೆಂದು ಓದಿದ ಆ ನಿಯಮವನ್ನೇ ಐವತ್ತು ವರ್ಷಗಳ ತರುವಾಯ ಆಡಮ್ಸರು ವ್ಯಾಕರಣವಾಗಿ ಓದಿದರು.

೩

ಆಡಮ್ಸರು ಮೊದಲು ಪಿಯಾನೊ ವಾದನದಲ್ಲಿ ಶಿಕ್ಷಣ ಪಡೆದವರು. ಸಂಗೀತಗಾರನ ಸಾಧನೆಯ ಶಿಸ್ತು ಅವರಿಗೆ ಸಹಜವಾಗಿತ್ತು. ೧೯೩೯–೪೦ರ ಸುಮಾರಿನಲ್ಲಿ ಲಾಸ್ ಏಂಜಲೀಸಿನ ಒಂದು ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಸಹೋದ್ಯೋಗಿ ಫ್ರೆಡ್ ಆರ್ಚರರೊಡನೆ ಅವರು ರೂಪಿಸಿದುದು ‘ಜೋನ್ ಸಿಸ್ಟಮ್’ ಎಂಬ ವಲಯ ಪದ್ಧತಿ. ಕಾಗದದ ಶುದ್ಧ ಕಪ್ಪಿನಿಂದ ಶುದ್ಧ ಬಿಳುಪಿನವರೆಗಿನ ಛಾಯೆಗಳನ್ನು ಮೆಟ್ಟಿಲುಗಳಾಗಿ ವಿಂಗಡಿಸಿ, ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಬೆಳಕು ಇಮ್ಮಡಿಯಾಗುವಂತೆ ಇಟ್ಟುಕೊಳ್ಳುವುದು ಈ ಪದ್ಧತಿಯ ಮೂಲ. ಐದನೆಯ ವಲಯ ನಡುವಣ ಬೂದು ಬಣ್ಣ. ಮೂರನೆಯದು ವಿವರವಿರುವ ನೆರಳು. ಏಳನೆಯದು ವಿವರವಿರುವ ಬಿಳುಪು.

ಇದರ ಪ್ರಯೋಜನವನ್ನು ಒಂದು ಉದಾಹರಣೆಯಿಂದ ಹೇಳಬಹುದು. ಬೆಳಕನ್ನು ಅಳೆಯುವ ಮೀಟರಿಗೆ ಮುಂದಿರುವ ವಸ್ತು ಯಾವುದೆಂಬ ಅರಿವಿಲ್ಲ. ಅದನ್ನು ಎಮ್ಮೆಯ ಮೈಗೆ ತೋರಿಸಿದರೆ ಎಮ್ಮೆ ಬೂದಾಗುವ ಅಳತೆಯನ್ನೂ, ಸುಣ್ಣದ ಗೋಡೆಗೆ ತೋರಿಸಿದರೆ ಗೋಡೆ ಬೂದಾಗುವ ಅಳತೆಯನ್ನೂ ಅದು ಹೇಳುತ್ತದೆ. ಎಮ್ಮೆ ಕಪ್ಪಾಗಿಯೂ ಗೋಡೆ ಬೆಳ್ಳಗೂ ಇರಬೇಕೆಂಬುದನ್ನು ಹೇಳಬೇಕಾದವನು ನೋಡುವಾತ. ಯಾವ ವಸ್ತುವನ್ನು ಯಾವ ಮೆಟ್ಟಿಲಿನಲ್ಲಿ ಕೂರಿಸಬೇಕೆಂದು ಮೊದಲೇ ನಿಶ್ಚಯಿಸಿ, ಅದಕ್ಕೆ ತಕ್ಕಂತೆ ಎಕ್ಸ್‌ಪೋಷರನ್ನು, ಅಂದರೆ ಬೆಳಕಿಗೊಡ್ಡುವ ಪ್ರಮಾಣವನ್ನು, ಆಮೇಲೆ ಫಿಲ್ಮಿನ ಸಂಸ್ಕರಣವನ್ನು ಹೊಂದಿಸುವುದು ಅವನ ಕೆಲಸ. ನೆರಳು ಎಕ್ಸ್‌ಪೋಷರಿನ ಅಧೀನ. ಬಿಳುಪು ಬಹುಮಟ್ಟಿಗೆ ಸಂಸ್ಕರಣದ ಕಾಲಾವಧಿಯ ಅಧೀನ. ಮುಗಿದ ಚಿತ್ರವನ್ನು ಕ್ಯಾಮೆರಾದ ಬಾಗಿಲು ತೆರೆಯುವ ಮುಂಚೆಯೇ ಮನಸ್ಸಿನಲ್ಲಿ ಕಾಣುವ ಈ ಶಕ್ತಿಯನ್ನು ನಾವು ಮುಂಗಾಣ್ಕೆ ಎಂದು ಕರೆಯೋಣ. ೧೯೫೨ರಲ್ಲಿ ಆಡಮ್ಸರು ನಿಸರ್ಗದ ಬೆಳಕಿನ ಛಾಯಾಗ್ರಹಣವನ್ನು ಕುರಿತೇ ಒಂದು ಪುಸ್ತಕವನ್ನು ಪ್ರಕಟಿಸಿದರು. ಆದರೆ ಆ ಶಾಸ್ತ್ರ ಪರೀಕ್ಷೆಗೆ ಒಳಗಾದುದು ಅದಕ್ಕಿಂತ ಹನ್ನೊಂದು ವರ್ಷ ಹಿಂದೆ, ಒಂದು ರಸ್ತೆಯ ಬದಿಯಲ್ಲಿ.

೧೯೪೧ರ ಶರತ್ಕಾಲ. ನ್ಯೂ ಮೆಕ್ಸಿಕೊದ ಚಾಮಾ ಕಣಿವೆಯಲ್ಲಿ ಇಡೀ ದಿನ ಅಲೆದು, ಮನಸ್ಸಿಗೊಪ್ಪುವ ಚಿತ್ರ ದೊರೆಯದೆ, ಆಡಮ್ಸರು ಮಗನೊಡನೆಯೂ ಗೆಳೆಯನೊಬ್ಬನೊಡನೆಯೂ ಕಾರಿನಲ್ಲಿ ಸಾಂಟಾ ಫೇ ಕಡೆಗೆ ಮರಳುತ್ತಿದ್ದರು. ಹರ್ನಾಂಡೆಜ್ ಎಂಬ ಸಣ್ಣ ಹಳ್ಳಿ ಬಂತು. ಮೂಡಲಲ್ಲಿ ಹಿಮ ಮುಚ್ಚಿದ ಬೆಟ್ಟಗಳು, ಅವುಗಳ ಮೇಲೆ ಮೋಡದ ಪಟ್ಟಿ, ಅದರ ಮೇಲೆ ಇನ್ನೂ ಪೂರ್ತಿ ತುಂಬದ ಚಂದ್ರ. ಕೆಳಗೆ ಮಣ್ಣಿನ ಮನೆಗಳು, ಇಗರ್ಜಿ, ಸ್ಮಶಾನ; ಪಡುವಣ ಸೂರ್ಯನ ಕೊನೆಯ ಬಿಸಿಲು ಸಮಾಧಿಗಳ ಬಿಳಿಯ ಶಿಲುಬೆಗಳನ್ನು ಬೆಳಗಿಸಿತ್ತು. ಕಾರನ್ನು ನಿಲ್ಲಿಸಿ, ಎಂಟು ಅಂಗುಲಕ್ಕೆ ಹತ್ತು ಅಂಗುಲದ ದೊಡ್ಡ ಕ್ಯಾಮೆರಾವನ್ನು ನಿಲ್ಲಿಸಿದ್ದಾಯಿತು. ಆದರೆ ಬೆಳಕಿನ ಮೀಟರು ಕೈಗೆ ಸಿಗಲಿಲ್ಲ. ಬಿಸಿಲು ಜಾರುತ್ತಿತ್ತು.

ಆಗ ಅವರಿಗೆ ನೆನಪಾದುದು ಚಂದ್ರನ ಕಾಂತಿಯ ಪ್ರಮಾಣ: ಚದರ ಅಡಿಗೆ ೨೫೦ ಕ್ಯಾಂಡಲ್. ಅದನ್ನು ಏಳನೆಯ ವಲಯದಲ್ಲಿ ಕೂರಿಸಿದರು. ಎರಡು ಮೆಟ್ಟಿಲು ಕೆಳಗಿನ ಐದನೆಯ ವಲಯಕ್ಕೆ ಅದರ ಕಾಲುಭಾಗ, ಎಂದರೆ ಸುಮಾರು ೬೦ ಕ್ಯಾಂಡಲ್ ಬಂತು. ಅವರಲ್ಲಿದ್ದ ಫಿಲ್ಮಿನ ವೇಗ ೬೪. ಅದರ ವರ್ಗಮೂಲ ೮. ಎಫ್ ೮ರ ರಂಧ್ರಕ್ಕೆ ಒಂದು ಸೆಕೆಂಡಿನ ೬೦ರಲ್ಲಿ ಒಂದು ಪಾಲು ಸರಿಹೋಗುತ್ತದೆ. ಆಕಾಶದ ನೀಲಿಯನ್ನು ತಗ್ಗಿಸಲು ಹಾಕಿದ ಹಳದಿಯ ಫಿಲ್ಟರಿಗಾಗಿ ಅದನ್ನು ಮೂರರಷ್ಟು ಮಾಡಿದರೆ ೨೦ರಲ್ಲಿ ಒಂದು ಪಾಲು. ದೂರ ಹತ್ತಿರಗಳೆರಡೂ ಸ್ಫುಟವಾಗಲು ರಂಧ್ರವನ್ನು ಎಫ್ ೩೨ಕ್ಕೆ ಕಿರಿದುಮಾಡಿದರೆ ಹದಿನಾರರಷ್ಟು ಕಾಲ ಬೇಕು; ಸುಮಾರು ಒಂದು ಸೆಕೆಂಡು. ಆ ಒಂದು ಸೆಕೆಂಡು ಕಳೆಯಿತು. ಎರಡನೆಯ ಚಿತ್ರಕ್ಕೆಂದು ಫಿಲ್ಮಿನ ಚೌಕಟ್ಟನ್ನು ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಅದೃಷ್ಟದ ಕಥೆಯಾಗಿ ಇಲ್ಲವೆ ಪ್ರತಿಭೆಯ ಕಥೆಯಾಗಿ ಹೇಳುವುದುಂಟು. ನಮಗೆ ಮುಖ್ಯವೆನಿಸುವುದು ಬೇರೊಂದು ಅಂಶ. ಚಂದ್ರನನ್ನು ನಾವು ರಾತ್ರಿಯ ದೀಪವೆಂದು ಭಾವಿಸುತ್ತೇವೆ. ಛಾಯಾಗ್ರಾಹಕನಿಗೆ ಅದು ಹಗಲಿನ ವಸ್ತು. ನಮ್ಮ ಬೆಟ್ಟಬಂಡೆಗಳನ್ನು ಬೆಳಗಿಸುವ ಸೂರ್ಯನೇ ಅಲ್ಲಿಯ ಬಂಡೆಯನ್ನೂ ಬೆಳಗಿಸುತ್ತಿದ್ದಾನೆ. ಚಂದ್ರನೆಂದರೆ ದೂರದಲ್ಲಿರುವ, ಬಿಸಿಲಿಗೆ ಒಡ್ಡಿಕೊಂಡ ಕಲ್ಲುನೆಲ. ಹರ್ನಾಂಡೆಜ್‌ನಲ್ಲಿ ಶಿಲುಬೆಗಳನ್ನೂ ಚಂದ್ರನನ್ನೂ ಬೆಳಗಿಸುತ್ತಿದ್ದ ದೀಪ ಒಂದೇ. ಇದನ್ನು ಅರಿತಿದ್ದುದರಿಂದಲೇ ಮೀಟರಿಲ್ಲದ ಹೊತ್ತಿನಲ್ಲಿ ಆಕಾಶದಲ್ಲಿದ್ದ ಆ ಕಲ್ಲು ಅವರಿಗೆ ಅಳತೆಗೋಲಾಯಿತು. ಬೆಳಕಿನ ನಿರೀಕ್ಷಣೆಯೆಂದರೆ ಇದು. ಹೊಳಪನ್ನು ಕಂಡು ಬೆರಗಾಗುವುದು ಅದರ ಆರಂಭವಷ್ಟೆ. ಹೊಳಪು ಎಲ್ಲಿಂದ ಬಂತು, ಯಾವುದರಿಂದ ಚಿಮ್ಮಿತು, ಇನ್ನೊಂದರೊಡನೆ ಅದರ ಪ್ರಮಾಣವೇನು ಎಂದು ಬಿಡಿಸಿ ನೋಡುವುದು ಅದರ ಪೂರ್ಣತೆ.

೪

ಇಷ್ಟಾದರೂ ಚಿತ್ರವು ನಿರ್ದುಷ್ಟವಾಗಿ ಮೂಡಿತೆಂದು ಭಾವಿಸಬಾರದು. ಚಂದ್ರನ ಅಳತೆ ತಿಳಿದಿತ್ತು. ಮುಂಭಾಗದ ನೆರಳಿನ ಅಳತೆ ತಿಳಿದಿರಲಿಲ್ಲ. ಹಳ್ಳಿಯೂ ಅದರ ಮುಂದಿನ ಪೊದೆಗಳೂ ಋಣಚಿತ್ರದಲ್ಲಿ ತೆಳುವಾಗಿ ಉಳಿದುವು. ಇದನ್ನು ಊಹಿಸಿಯೇ ಆಡಮ್ಸರು ಫಿಲ್ಮನ್ನು ಸಂಸ್ಕರಣದ್ರವದಲ್ಲಿಯೂ ನೀರಿನಲ್ಲಿಯೂ ಹತ್ತು ಸಲ ಸರದಿಯಾಗಿ ಅದ್ದಿದರು. ನೀರಿನಲ್ಲಿ ನಿಶ್ಚಲವಾಗಿದ್ದಾಗ, ಹೆಚ್ಚು ಬೆಳಕು ಬಿದ್ದ ಕಡೆ ಹೀರಿಕೊಂಡ ದ್ರವ ಬೇಗ ಮುಗಿದು ಕೆಲಸ ನಿಲ್ಲುತ್ತದೆ. ಬೆಳಕು ಕಡಮೆ ಬಿದ್ದ ಕಡೆ ಮೆಲ್ಲನೆ ಮುಂದುವರಿಯುತ್ತದೆ. ಉಳ್ಳವನನ್ನು ತಡೆದು ಇಲ್ಲದವನಿಗೆ ಕಾಲಾವಕಾಶ ಕೊಡುವ ಉಪಾಯ ಇದು. ಆದರೂ ಸಾಲದಾಯಿತು. ೧೯೪೮ರಲ್ಲಿ ಅವರು ಧೈರ್ಯಮಾಡಿ ಋಣಚಿತ್ರದ ಕೆಳಭಾಗವನ್ನು ಮಾತ್ರ ರಾಸಾಯನಿಕವಾಗಿ ಸಾಂದ್ರಗೊಳಿಸಿದರು. ಮುಂಗಾಣ್ಕೆ ಒಂದು ಕ್ಷಣದ ಮಿಂಚು ಎನ್ನುವವರು ಈ ಏಳು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಪಾಠಾಂತರಗಳ ಪ್ರಶ್ನೆ. ಮೊದಲ ವರ್ಷಗಳ ಒಂದು ಪ್ರತಿಯ ಅಚ್ಚನ್ನೂ ೧೯೭೦ರ ದಶಕದ ಒಂದು ಪ್ರತಿಯ ಅಚ್ಚನ್ನೂ ಮಗ್ಗುಲಲ್ಲಿಟ್ಟು ನೋಡಿದರೆ ಇವು ಒಂದೇ ಋಣಚಿತ್ರದ ಮಕ್ಕಳೇ ಎಂದು ಅಚ್ಚರಿಯಾಗುತ್ತದೆ. ಮೊದಲಿನದರಲ್ಲಿ ಆಕಾಶ ಬೂದುಗಪ್ಪು; ಚಂದ್ರನ ಮೇಲೆಯೂ ತೆಳ್ಳನೆಯ ಮೋಡದ ಎಳೆಗಳಿವೆ; ಹಳ್ಳಿ ಸಂಜೆಯ ಮಂಕಿನಲ್ಲಿ ಉಸಿರಾಡುತ್ತಿದೆ. ಕೊನೆಯದರಲ್ಲಿ ಮೇಲಿನ ಅರ್ಧಕ್ಕೂ ಹೆಚ್ಚು ಭಾಗ ಕಡುಗಪ್ಪು, ಮೇಲಣ ಮೋಡಗಳು ಅಳಿಸಿಹೋಗಿವೆ, ಚಂದ್ರ ಕತ್ತಲೆಯಲ್ಲಿ ತೂಗುತ್ತಿದ್ದಾನೆ, ಶಿಲುಬೆಗಳು ಹೊಳೆಯುತ್ತಿವೆ. ಮುದ್ರಣದ ಹೊತ್ತಿಗೆ ಆಕಾಶದ ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಈ ಕಪ್ಪನ್ನು ಸಾಧಿಸಿದ್ದಾರೆ.

ಕೊನೆಯ ಪ್ರತಿಯೇ ಲೋಕಪ್ರಸಿದ್ಧವಾದುದು. ಅದರ ಗಾಂಭೀರ್ಯವನ್ನು ಅಲ್ಲಗಳೆಯುವಂತಿಲ್ಲ. ಋಣಚಿತ್ರ ಸ್ವರಲಿಪಿಯಂತೆ, ಮುದ್ರಿತ ಪ್ರತಿ ಗಾಯನದಂತೆ ಎಂದು ಆಡಮ್ಸರು ಹೋಲಿಸುತ್ತಿದ್ದರು. ವಯಸ್ಸಾದ ಗಾಯಕ ಹಿಂದಿನ ಕೃತಿಯನ್ನು ಹೊಸದಾಗಿ ಹಾಡಬಹುದೆಂಬುದು ಈ ಹೋಲಿಕೆಯ ತಾತ್ಪರ್ಯ. ಒಪ್ಪತಕ್ಕ ಮಾತೇ. ಆದರೆ ನಮ್ಮ ಸಂಗೀತದ ಶ್ರೋತೃವಿಗೆ ಇನ್ನೂ ಒಂದು ವಿಷಯ ಗೊತ್ತಿದೆ. ಕಾಲಪ್ರಮಾಣವನ್ನು ಬದಲಿಸಬಹುದು, ಸಂಗತಿಗಳನ್ನು ಬೆಳೆಸಬಹುದು. ಒಂದು ಸ್ವರವನ್ನೇ ಬಿಟ್ಟರೆ ರಾಗ ಬೇರೆಯಾಗುತ್ತದೆ. ಇಲ್ಲಿ ಬಿಟ್ಟ ಸ್ವರ ಯಾವುದು?

ಇದಕ್ಕೆ ಉತ್ತರ ಖಗೋಳಶಾಸ್ತ್ರಜ್ಞರಿಂದ ದೊರೆಯಿತು. ಆಡಮ್ಸರಿಗೆ ಈ ಚಿತ್ರದ ದಿನಾಂಕ ನೆನಪಿರಲಿಲ್ಲ. ಬೇರೆಬೇರೆ ಕಡೆ ಬೇರೆಬೇರೆ ವರ್ಷಗಳನ್ನು ಹೇಳಿದ್ದರು. ಚಿತ್ರದಲ್ಲಿ ಚಂದ್ರನಿರುವ ಸ್ಥಾನದಿಂದ ಲೆಕ್ಕಹಾಕಿ ಡೇವಿಡ್ ಎಲ್ಮೋರ್ ಎಂಬ ವಿಜ್ಞಾನಿ ಮೊದಲು ೧೯೪೧ರ ಅಕ್ಟೋಬರ್ ೩೧ ಎಂದು ನಿರ್ಣಯಿಸಿದರು. ೧೯೯೧ರಲ್ಲಿ ಡೆನ್ನಿಸ್ ಡಿ ಚಿಕೊ ಅದನ್ನು ತಿದ್ದಿ, ೧೯೪೧ರ ನವೆಂಬರ್ ೧ರ ಸಂಜೆ ನಾಲ್ಕು ಗಂಟೆ ನಲವತ್ತೊಂಬತ್ತು ನಿಮಿಷ ಎಂದು ತೋರಿಸಿದರು. ರೇಖೆಗಳು ನಿಮಿಷದಷ್ಟು ಸೂಕ್ಷ್ಮವಾಗಿ ಸತ್ಯವನ್ನು ನುಡಿಯುತ್ತಿವೆ. ಕೊನೆಯ ಪ್ರತಿಯ ಛಾಯೆಗಳಾದರೋ ನಡುರಾತ್ರಿ ಎನ್ನುತ್ತವೆ. ಅದನ್ನು ಮೊದಲ ಸಲ ನೋಡುವವರು ಶಿಲುಬೆಗಳು ಬೆಳದಿಂಗಳಿನಲ್ಲಿ ಹೊಳೆಯುತ್ತಿವೆಯೆಂದು ತಿಳಿಯುವುದು ಸಹಜ. ಚಂದ್ರನೂ ಶಿಲುಬೆಯೂ ಒಂದೇ ಸೂರ್ಯನ ಬೆಳಕನ್ನು ಹಂಚಿಕೊಂಡ ಆ ಗಳಿಗೆ, ಯಾವ ಅರಿವಿನಿಂದ ಚಿತ್ರ ಹುಟ್ಟಿತೋ ಆ ಅರಿವು, ಕಪ್ಪಿನಲ್ಲಿ ಮರೆಯಾಯಿತು. ಹೊತ್ತು ಎಂಬ ಸ್ವರ ಬಿಟ್ಟುಹೋಯಿತು.

ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರ ಕಾವ್ಯದ ಜೀವ ಔಚಿತ್ಯವೆಂದು ಹೇಳಿದ. ಯಾವುದು ಯಾವುದಕ್ಕೆ ತಕ್ಕುದೋ ಅದು ಅದರ ಸ್ಥಾನದಲ್ಲಿರಬೇಕು. ಬಯಲ ಬೆಳಕಿನ ಸಮತೂಕಕ್ಕೆ ಇದಕ್ಕಿಂತ ಸರಿಯಾದ ಲಕ್ಷಣವನ್ನು ನಾವು ಕಾಣೆವು. ತಕ್ಕಡಿಯ ಎರಡು ತಟ್ಟೆಗಳಲ್ಲಿ ಒಂದೇ ವಸ್ತುವಿರಬೇಕೆಂಬ ನಿಯಮವಿಲ್ಲ. ಒಂದರಲ್ಲಿ ಕಲ್ಲಿನ ಬಟ್ಟು, ಇನ್ನೊಂದರಲ್ಲಿ ಅಕ್ಕಿ. ಅಂತೆಯೇ ಚಿತ್ರದಲ್ಲಿ ವಿಶಾಲವಾದ ಮಂಕಿಗೆ ಎದುರಾಗಿ ಚಿಕ್ಕದೊಂದು ಹೊಳಪು ನಿಲ್ಲಬಹುದು. ಈ ಮಾನದಂಡದಿಂದ ನೋಡಿದಾಗ ನಮ್ಮ ಒಲವು ಮೊದಲಿನ ಪ್ರತಿಗಳ ಕಡೆಗೆ. ಅಲ್ಲಿ ಮೋಡದ ಎಳೆಗಳಿಗೂ ಮಣ್ಣಿನ ಗೋಡೆಗಳಿಗೂ ಅವುಗಳ ಪಾಲು ಸಿಕ್ಕಿದೆ. ಕೊನೆಯದು ಹೆಚ್ಚು ಬಲಿಷ್ಠ, ಮೊದಲಿನದು ಹೆಚ್ಚು ಉಚಿತ ಎಂದು ಹೇಳಿದರೆ ಮಹಾಕಲಾವಿದನಿಗೆ ಅನ್ಯಾಯ ಮಾಡಿದಂತಾಗದೆಂದು ನಂಬಿದ್ದೇವೆ. ಎರಡಕ್ಕೂ ಬೇಕಾದ ಬೆಳಕು ಅದೇ ಋಣಚಿತ್ರದಲ್ಲಿದೆ ಎಂಬುದು ಆ ಒಂದು ಸೆಕೆಂಡಿನ ಹಿರಿಮೆ.

೫

ಈ ವಿಚಾರ ಹಳೆಯದಾಯಿತು, ಇಂದಿನ ವಿದ್ಯಾರ್ಥಿಗೆ ಇದರಿಂದೇನು ಎಂದು ಕೇಳಬಹುದು. ಇಂದು ಎಲ್ಲರ ಕೈಯಲ್ಲಿರುವ ದೂರವಾಣಿಯ ಕ್ಯಾಮೆರಾ ಗುಂಡಿ ಒತ್ತಿದೊಡನೆ ಹಲವು ಚಿತ್ರಗಳನ್ನು ಕ್ಷಣಾರ್ಧದಲ್ಲಿ ತೆಗೆದು, ಒಂದರಿಂದ ಆಕಾಶವನ್ನೂ ಇನ್ನೊಂದರಿಂದ ನೆರಳನ್ನೂ ಆಯ್ದು ಬೆಸೆದುಬಿಡುತ್ತದೆ. ಭಿನ್ನ ಎಕ್ಸ್‌ಪೋಷರುಗಳಿಂದ ದೃಶ್ಯದ ಪೂರ್ಣ ಕಾಂತಿಯನ್ನು ಲೆಕ್ಕಹಾಕುವ ಒಂದು ಮುಖ್ಯ ವಿಧಾನವನ್ನು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ೧೯೯೭ರಲ್ಲಿ ಪ್ರಕಟಿಸಿದ್ದರು. ಒಂದು ದೃಷ್ಟಿಯಿಂದ ಇದು ಲ ಗ್ರೇಯ ಉಪಾಯದ ಮೊಮ್ಮಗ. ಯಂತ್ರವನ್ನು ನಾವು ಹಳಿಯುವುದಿಲ್ಲ. ಟ್ರೈಪನ ಕೈಗೆ ಇದು ಸಿಕ್ಕಿದ್ದರೆ ಕುಂಚವನ್ನು ಕೆಳಗಿಡುತ್ತಿದ್ದನೋ ಏನೋ. ಆದರೆ ಲ ಗ್ರೇ ಯಾವ ಮುಗಿಲನ್ನು ಯಾವ ಕಡಲಿಗೆ ಬೆಸೆಯಬೇಕೆಂದು ತಾನೇ ಆರಿಸಿದ್ದ. ಇಲ್ಲಿ ಆಯ್ಕೆ ಮುಂಚಿತವಾಗಿ ಇನ್ನೊಬ್ಬರಿಂದ, ಎಲ್ಲ ದೃಶ್ಯಗಳಿಗೂ ಸರಾಸರಿಯಾಗಿ ನಡೆದುಹೋಗಿದೆ. ನೆರಳನ್ನು ಎತ್ತು, ಮುಗಿಲನ್ನು ತಗ್ಗಿಸು ಎಂಬುದು ಅದರ ಸಾಮಾನ್ಯ ಸೂತ್ರ. ಅದರಿಂದ ಬರುವುದು ಸಮಾನತೆ. ಬೆಳಗೂ ಮಧ್ಯಾಹ್ನವೂ ಒಂದೇ ಬಗೆಯಾಗಿ ತೋರುವ, ಎಲ್ಲವೂ ಕಾಣುವ, ಯಾವುದೂ ಮನಸ್ಸಿನಲ್ಲಿ ನಿಲ್ಲದ ಚಿತ್ರಗಳು ಹೀಗೆ ರಾಶಿಬೀಳುತ್ತವೆ. ಇದಕ್ಕಿಂತ ದೊಡ್ಡ ನಷ್ಟ ನೋಡುವವನದು. ತೆರೆಯ ಮೇಲೆ ಸಿದ್ಧವಾದ ಚಿತ್ರವನ್ನು ನೋಡಿ ಅಭ್ಯಾಸವಾದವನು ಎದುರಿಗಿರುವ ಬೆಳಕನ್ನು ನೋಡುವುದನ್ನು ಬಿಡುತ್ತಾನೆ.

ಆದುದರಿಂದ ಅಧ್ಯಾಪಕರ ಪರಿಶೀಲನೆಗಾಗಿ ಮೂರು ಅಭ್ಯಾಸಗಳನ್ನು ಸೂಚಿಸುತ್ತೇವೆ. ಇವಕ್ಕೆ ಬೆಲೆಬಾಳುವ ಸಲಕರಣೆಗಳು ಬೇಡ.

ಮೊದಲನೆಯದು, ಒಂದೇ ಗೋಡೆಯನ್ನು ದಿನವೆಲ್ಲ ನೋಡುವುದು. ಟ್ರೈಪನು ಬಂದು ನಿಂತ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯೇ ಇದಕ್ಕೆ ಉತ್ತಮ ಪಾಠಶಾಲೆ. ಗುಡಿ ಪೂರ್ವಾಭಿಮುಖವಾಗಿದೆ. ಹಿಂಬದಿಯ ಗೋಡೆ ಬೆಳಗೆಲ್ಲ ನೆರಳಿನಲ್ಲಿದ್ದು ಆಕಾಶದ ಮೃದುವಾದ ಬೆಳಕನ್ನು ಮಾತ್ರ ಪಡೆಯುತ್ತದೆ. ಉಬ್ಬುತಗ್ಗುಗಳು ಒಂದರೊಳಗೊಂದು ಕರಗಿದಂತೆ ತೋರುತ್ತವೆ. ಮಧ್ಯಾಹ್ನ ದಾಟಿದೊಡನೆ ಬಿಸಿಲು ಗೋಡೆಯನ್ನು ಸವರಿಕೊಂಡು ಮೇಲಿನಿಂದ ಜಾರತೊಡಗುತ್ತದೆ. ಶಿಲ್ಪದ ಪ್ರತಿಯೊಂದು ಮಣಿಗೂ ತನ್ನದೇ ನೆರಳು ಹುಟ್ಟುತ್ತದೆ. ಸಂಜೆಗೆ ಬಿಸಿಲು ನೇರವಾಗಿ ಎದುರಿನಿಂದ ಬಿದ್ದು ಬಣ್ಣ ಹೆಚ್ಚಿ, ಆಳ ಕಡಮೆಯಾಗುತ್ತದೆ. ಗೋಡೆ ಕೋನಕೋನವಾಗಿ ಮುಂಚಾಚಿ ಹಿಂದೆ ಸರಿಯುವುದರಿಂದ ಒಂದೇ ಗಳಿಗೆಯಲ್ಲಿ ಒಂದು ಮುಖ ಬಿಸಿಲಿನಲ್ಲಿಯೂ ಪಕ್ಕದ್ದು ನೆರಳಿನಲ್ಲಿಯೂ ಇರುವುದುಂಟು. ನೆರಳಿನ ಮುಖದ ಕೆಳಭಾಗ ಮೇಲ್ಭಾಗಕ್ಕಿಂತ ತಿಳಿಯಾಗಿರುವುದನ್ನು ಕಂಡ ವಿದ್ಯಾರ್ಥಿ ನೆಲದಿಂದ ಚಿಮ್ಮುವ ಬೆಳಕನ್ನು ತಾನಾಗಿಯೇ ಕಂಡುಕೊಂಡಂತಾಯಿತು.

ಎರಡನೆಯದು, ಅಳೆಯುವ ಮೊದಲು ಊಹಿಸುವುದು. ನೆರಳಿಗೂ ಬಿಸಿಲಿಗೂ ಎಷ್ಟು ಮೆಟ್ಟಿಲು ಅಂತರವೆಂದು ಬರೆದಿಟ್ಟುಕೊಂಡು ಆಮೇಲೆ ಮೀಟರಿನಿಂದ ಸರಿನೋಡಬೇಕು. ಮೀಟರು ಕಳೆದುಹೋದ ದಿನ ಉಳಿಯುವುದು ಈ ತಪ್ಪುಗಳ ಲೆಕ್ಕವೇ.

ಮೂರನೆಯದು ಎಲ್ಲಕ್ಕಿಂತ ಕಷ್ಟವಾದುದು: ಚಿತ್ರ ತೆಗೆಯುವ ಮುಂಚೆ ಯಾವುದನ್ನು ಕಳೆದುಕೊಳ್ಳಲು ಸಿದ್ಧನಿದ್ದೇನೆಂದು ಒಂದು ವಾಕ್ಯದಲ್ಲಿ ಬರೆಯುವುದು. ‘ಬಾಗಿಲಿನ ಒಳಗತ್ತಲೆ ಹೋಗಲಿ, ದ್ವಾರಪಾಲಕನ ಮುಖ ಇರಲಿ’ ಎಂಬಷ್ಟು ಸಾಕು. 

೬

ಆರಂಭದಲ್ಲಿ ಎತ್ತಿದ ಮೂರು ಪ್ರಶ್ನೆಗಳಿಗೆ ಈಗ ಸಂಕ್ಷೇಪವಾಗಿ ಉತ್ತರ ಹೇಳಬಹುದು. ಬಯಲ ಬೆಳಕನ್ನು ಸಮತೂಕಗೊಳಿಸುವುದೆಂದರೆ ಎಲ್ಲಕ್ಕೂ ಸಮಪಾಲು ಕೊಡುವುದೆಂದು ಅರ್ಥವಾಗದು. ಆ ಹೊತ್ತಿಗೆ ಯಾವುದು ಉಚಿತವೋ ಅದಕ್ಕೆ ಸ್ಥಾನ ಕೊಟ್ಟು, ಉಳಿದುದನ್ನು ತಿಳಿದು ಬಿಡುವುದೆಂದು ಅರ್ಥ. ಅದನ್ನು ಕಲಿಯಬಹುದು, ಆದರೆ ಕಲಿಕೆ ನಡೆಯುವುದು ಚಿತ್ರ ತೆಗೆಯುವ ಗಳಿಗೆಗಿಂತ ಬಹಳ ಹಿಂದೆ, ಚಂದ್ರನ ಕಾಂತಿಯನ್ನು ಯಾವ ಅವಸರವೂ ಇಲ್ಲದೆ ನೆನಪಿನಲ್ಲಿಟ್ಟುಕೊಂಡ ಯಾವುದೋ ಒಂದು ದಿನ. ವಿಮರ್ಶಕನು ನೋಡಬೇಕಾದುದು ಚಿತ್ರದ ಕಪ್ಪಿನ ಕಡೆಗೆ. ಬಿಳುಪು ನಿಸರ್ಗದ ಕೊಡುಗೆಯಾಗಿರಬಹುದು. ಏನನ್ನು ಕತ್ತಲೆಗೆ ಬಿಟ್ಟಿದ್ದಾನೆಂಬುದರಲ್ಲಿ ಚಿತ್ರಗಾರನ ವಿವೇಕ ಕಾಣುತ್ತದೆ.

ಎಮರ್ಸನ್ ತನ್ನ ಕಲೆಗೆ ಮರಣವನ್ನು ಸಾರಿದ ಮೇಲೂ ಕಲೆ ಬದುಕಿತು. ನಿಯಮವನ್ನು ಅರಿತ ಕಣ್ಣು ಅದನ್ನು ಉಳಿಸಿತು. ಇಂದಿನ ಯಂತ್ರ ಆ ನಿಯಮವನ್ನು ನಮಗಿಂತ ಚೆನ್ನಾಗಿ ಅರಿತಿದೆ. ಅರಿಯದಿರುವುದು ಹೊತ್ತನ್ನು. ಅದನ್ನು ಅರಿಯುವ ಕಣ್ಣನ್ನು ನಮ್ಮ ತರಗತಿಗಳು ಸಿದ್ಧಪಡಿಸಲಿ ಎಂಬುದು ನಮ್ಮ ಆಶಯ.